ಹೊಟ್ಟೆ ತುಂಬಿದ ಮೇಲಿನ ಪ್ರಾರ್ಥನೆ

ಮಾನ್ಯರೇ,

ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದುದನ್ನು ನೆನೆಯುವ ಯೆಹೂದ್ಯರ ಪಾಸೋವರ್ ಹಬ್ಬದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯಲ್ಲಿ ಹುಳಿ ಬರಿಸದ ಹಿಟ್ಟಿನ ರೊಟ್ಟಿಯ ವಿವರವಿತ್ತು, ಕೃತಜ್ಞತೆಯ ಮಾತೇ ಇರಲಿಲ್ಲ. ಹಬ್ಬದ ರಾತ್ರಿ ಅವರು ದೇವರ ಒಂದೊಂದು ಉಪಕಾರವನ್ನೂ ನೆನೆದು, ಇಷ್ಟೇ ಆಗಿದ್ದರೂ ನಮಗೆ ಸಾಕಿತ್ತು ಎಂದು ಹಾಡುತ್ತಾರೆ.

ಇದು ಹಬ್ಬಕ್ಕಷ್ಟೇ ಅಲ್ಲ. ಉಂಡು ತೃಪ್ತರಾದ ಮೇಲೆ ದೇವರನ್ನು ಸ್ತುತಿಸಬೇಕು ಎನ್ನುತ್ತದೆ ಅವರ ಧರ್ಮಗ್ರಂಥ ತೋರಾ. ಹಸಿದಾಗ ಎಲ್ಲರೂ ಬೇಡುತ್ತಾರೆ. ಹೊಟ್ಟೆ ತುಂಬಿದ ಮೇಲೆ ಮರೆಯುವವರೇ ಜಾಸ್ತಿ, ಅಲ್ವಾ? ದಿನಕ್ಕೆ 100 ಸ್ತುತಿ ಹೇಳಬೇಕೆಂಬ ಧರ್ಮಗುರು ರಬ್ಬಿ ಮೇಯಿರ್ ಅವರ ಮಾತು, ಧರ್ಮಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿದೆ. ತನ್ನ ಪಾಲಿಗೆ ಬಂದದ್ದರಲ್ಲಿ ಸಂತೋಷಪಡುವವನೇ ಶ್ರೀಮಂತ ಎಂದವರು ಯೆಹೂದಿ ಜ್ಞಾನಿ ಬೆನ್ ಜೋಮಾ. ಹಾಗಂತ ಸುಮ್ನೆ ಕೈಕಟ್ಟಿ ಕೂರಿ ಎಂದಲ್ಲ. ಬಡವರಿಗೆ ಕೊಡುವುದು ಯೆಹೂದಿ ಧರ್ಮದಲ್ಲಿ ಕರ್ತವ್ಯ.

ಮುಂದೆ ಹಬ್ಬದ ವರದಿಗಳ ಜೊತೆ ಇಂಥ ದಿನನಿತ್ಯದ ಪ್ರಾರ್ಥನೆಗಳ ಒಂದೆರಡು ಸಾಲನ್ನೂ ಕನ್ನಡದಲ್ಲಿ ಪ್ರಕಟಿಸಿ.

– ಒಬ್ಬ ಓದುಗ, ಶಿವಮೊಗ್ಗ