ಮಗಳಿಗೊಂದು ಪತ್ರ: ಎರಡು ಶೇಂಗಾ ಉಂಡಿ

ಪುಟ್ಟವ್ವ,

ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ನೀನು ತಿರುಗಿ ನೋಡಲಿಲ್ಲ. ಬಸ್ಸು ಹೊರಟ ಮೇಲೂ ನಾನು ಅಲ್ಲೇ ನಿಂತಿದ್ದೆ. ಅಣ್ಣಿಗೇರಿ ದಾಟುವಷ್ಟರಲ್ಲಿ ಫೋನ್ ಮಾಡುತ್ತೀ ಅಂದುಕೊಂಡೆ, ಆಮೇಲೆ ಹುಬ್ಬಳ್ಳಿ ಬರಲಿ ಅಂದುಕೊಂಡೆ. ಮಾಡದಿದ್ದದ್ದೇ ಸರಿ ಬಿಡು. ಮಾಡಿದ್ದರೆ ಮತ್ತೇನಾದರೂ ಅಂದುಬಿಡುತ್ತಿದ್ದೆ.

ಕುಸ್ತಿ ಪಂದ್ಯಕ್ಕೆ ನಿನ್ನ ತೂಕ ನೋಡಿದ ಆ ಬೆಳಿಗ್ಗೆ ಇಬ್ಬರಿಗೂ ನೆನಪಿದೆ, ಅದನ್ನು ಬರೆಯಬಾರದು ಅಂತಲೇ ಕೂತೆ. ಆದರೆ ಬಾಗಿಲಾಚೆ ನಿಂತಿದ್ದ ನನಗೆ ಒಳಗಿಂದ ಯಾರೋ ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ಐವತ್ತಮೂರು, ನಾಕನೂರು." ನಿನ್ನ 53 ಕೆಜಿ ವಿಭಾಗಕ್ಕೆ 400 ಗ್ರಾಂ ಜಾಸ್ತಿ. ಇಳಿಸಲು ಅರ್ಧ ತಾಸು ಟೈಮ್ ಇತ್ತು. ನೀನು ಎರಡು ಸ್ವೆಟರ್ ಹಾಕಿಕೊಂಡು ಕಾಂಪೌಂಡ್ ಸುತ್ತ ಓಡಿದೆ. ನನ್ನ ಮುಂದೆ ಬಂದಾಗೆಲ್ಲ ಉಗುಳುತ್ತಿದ್ದೆ, ಎಂಜಲು ಹೋದರೂ ತೂಕ ಇಳಿಯಲಿ ಅಂತ. ನಾಲ್ಕನೇ ಸುತ್ತಿಗೆ ಉಗುಳಲು ಬಾಯಲ್ಲಿ ಏನೂ ಇರಲಿಲ್ಲ. ತುಟಿ ಬಿಳಚಿ ಬಿರಿದಿತ್ತು. ನೀನು ಮತ್ತೆ ಒಳಗೆ ಹೋದೆ. "ಐವತ್ತಮೂರು, ನೂರಾ ನಾಲವತ್ತು." ಟೈಮ್ ಮುಗಿದಿತ್ತು. ಹೊರಗೆ ಬಂದ ನಿನಗೆ ಅಷ್ಟು ಹುಡುಗಿಯರ ಮುಂದೆ, ಕೋಚ್ ಮುಂದೆ ನಾನು ಅಂದೆ, "ತಿನ್ನೋದೊಂದ ಗೊತ್ತೈತಿ ನಿನಗ."

ಹಿಂದಿನ ರಾತ್ರಿ ಉಂಡಿ ಡಬ್ಬಿ ತೆಗೆದದ್ದು ಯಾರು? ನಾನು. ನೀನು ಬೇಡ ಅಂದೆ. "ಪಂಚಮಿ ಉಂಡಿ, ಬ್ಯಾಡ ಅನ್ನಬಾರದು, ಏನೂ ಆಗೂದಿಲ್ಲ" ಅಂತ ಎರಡು ಕೈಗಿಟ್ಟೆ. ನಿನ್ನೆ ನಿನ್ನನ್ನು ಬಿಟ್ಟು ಬಂದು ಅಂಗಡಿ ತೆಗೆದವನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಅದೇ ಡಬ್ಬಿಯಿಂದ ಎರಡು ಉಂಡಿ ತೆಗೆದು ಬೆಲ್ಲ, ಬೇಳೆ ತೂಗುವ ನಮ್ಮ ತಕ್ಕಡಿ ಮೇಲಿಟ್ಟೆ. 126 ಗ್ರಾಂ. ಸಕ್ಕರೆ ಕೇಳಲು ಬಂದವರು ನನ್ನ ಮುಖ ನೋಡುತ್ತಾ ನಿಂತಿದ್ದರು. ಮಿಕ್ಕ 14 ಗ್ರಾಂ ನಿನ್ನದು ಅಂತ ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ನೆನಪಾಯಿತು, ಉಂಡಿ ಗಂಟಲಿಗೆ ಹತ್ತೀತು ಅಂತ ಮೇಲೆ ನೀರೂ ಕುಡಿಸಿದ್ದೆ.

ತಪ್ಪಾಯಿತು. ಫೋನಿನಲ್ಲಿ ಈ ಮಾತು ನನ್ನ ಬಾಯಿಂದ ಬರುವುದಿಲ್ಲ, ನಿನಗೆ ಗೊತ್ತಲ್ಲ.

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಕುಸ್ತಿಯಲ್ಲಿ ವಿನೇಶ್ ಫೋಗಟ್ ಫೈನಲ್ ತಲುಪಿ, ಮರುದಿನ ಬೆಳಿಗ್ಗೆ 100 ಗ್ರಾಂ ಜಾಸ್ತಿ ಬಂದು ಹೊರಬಿದ್ದಾಗ ಆವತ್ತೂ ಪಂಚಮಿ ಹತ್ತಿರ ಬಂದಿತ್ತು, ನಿಮ್ಮವ್ವ ಶೇಂಗಾ ಹುರಿಯುತ್ತಿದ್ದಳು. ರಾತ್ರಿಯೆಲ್ಲ ಬೆವರಿಳಿಸಿದರು, ಕೂದಲನ್ನೂ ಕತ್ತರಿಸಿದರು ಅಂತ ಟೀವಿಯಲ್ಲಿ ಹೇಳಿದರು. ನೀನು ಅತ್ತೆ. ನಾನು ಮಾತ್ರ "ಮೊದಲೇ ನೋಡಿಕೊಳ್ಳಬೇಕಿತ್ತು" ಅಂದೆ. ಸುಮ್ನೆ ಕೂತು ನೋಡುವವನಿಗೆ 100 ಗ್ರಾಂ ಅಂದರೆ ಒಂದು ಪುಡಿಕೆ ಜೀರಿಗೆ.

ನಮ್ಮ ಜಾತ್ರೆ ಕುಸ್ತಿಯಲ್ಲಿ ತೂಕದ ಯಂತ್ರ ಎಲ್ಲಿತ್ತು? ಹಿರಿಯರು ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ನೋಡಿ ಜೋಡಿ ಹಚ್ಚುತ್ತಿದ್ದರು. ಹಲಗಿ ಬಡಿತ ಶುರುವಾದರೆ ಆಯಿತು. ಸಣ್ಣ ಹುಡುಗರಿಗೆ ತೆಂಗಿನಕಾಯಿ, ದೊಡ್ಡ ಪೈಲ್ವಾನರಿಗೆ ಬೆಳ್ಳಿ ಕಡಗ. ಹಾಲು, ಬಾದಾಮಿ, ತುಪ್ಪ ಎಷ್ಟು ಹೊಡೆದರೂ ಬೇಡ ಅನ್ನುವವರಿರಲಿಲ್ಲ. ನನ್ನ ತಲೆ ಇನ್ನೂ ಅಲ್ಲೇ ಇದೆ. ಆದರೆ ಆ ಗರಡಿಮನೆಯ ಹೊಸ್ತಿಲನ್ನು ನಿಮ್ಮ ಸೋದರತ್ತೆಗೂ ದಾಟಲು ಬಿಡಲಿಲ್ಲ. ಹೆಣ್ಣುಮಕ್ಕಳು ಕೆಮ್ಮಣ್ಣು ತುಳಿಯಬಾರದು ಅಂತ. ನಿನ್ನನ್ನು ಒಳಗೆ ಕರೆದದ್ದು ಮ್ಯಾಟು. ಮ್ಯಾಟಿನ ಜೊತೆ ಈ ತಕ್ಕಡಿಯೂ ಬಂತು. ಒಂದು ಬೇಕು, ಇನ್ನೊಂದು ಬೇಡ ಅನ್ನಲು ಬರುವುದಿಲ್ಲ ಅಲ್ವಾ?

ಆದರೂ ಕೇಳು. ನೀರು ಬಿಡಬೇಡ. ಮೂರು ದಿನ ಉಪವಾಸ ಬಿದ್ದು ತೂಕ ಇಳಿಸುವುದು ಶಿಸ್ತಲ್ಲ. ಶಿಸ್ತು ಅಂದರೆ ನಮ್ಮ ಗದಗಿನ ಕ್ರಿಕೆಟಿಗ ಸುನಿಲ್ ಜೋಶಿ, ಬೆಳಿಗ್ಗೆ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಹೋಗಿ ಮತ್ತೆ ಶಾಲೆ ಹೊತ್ತಿಗೆ ಊರಿಗೆ ಬರುತ್ತಿದ್ದರು, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್‌ಗೆ 6 ರನ್ ಕೊಟ್ಟು 5 ವಿಕೆಟ್... ಹೂಂ, ನೂರು ಸಲ ಹೇಳಿದ್ದೇನೆ. ನೀನು ಕಣ್ಣು ಮೇಲೆ ಮಾಡುವುದು ಇಲ್ಲಿಂದಲೇ ಕಾಣುತ್ತಿದೆ.

57 ಕೆಜಿಗೆ ಹೋದರೆ ಹೇಗೆ? ಮನೆಯಲ್ಲಿ ಹೊಟ್ಟೆ ತುಂಬ ಉಂಡರೆ ನೀನು ಇರುವುದೇ ಅಷ್ಟು. ಎದುರಿಗೆ ಗಟ್ಟಿ ಹುಡುಗಿಯರು ಬರುತ್ತಾರೆ, ಮೊದಲ ವರ್ಷ ಸೋಲುತ್ತೀ. ಸೋಲು. ಅದನ್ನು ನೀನು, ನಿನ್ನ ಕೋಚ್ ಕೂತು ಮಾತಾಡಿ, ನಾನು ನಡುವೆ ಬರುವುದಿಲ್ಲ. ನಿಮ್ಮವ್ವ ಇನ್ನೊಂದು ವಿಷಯ ಹೇಳಿದಳು, ಅದನ್ನು ಇಲ್ಲಿ ಬರೆಯಲ್ಲ. ಡಾಕ್ಟರಿಗೆ ತೋರಿಸು. ಈ ವಾರವೇ.

ಡಬ್ಬಿಯಲ್ಲಿ ಇನ್ನೂ ಎಂಟು ಉಂಡಿ ಇವೆ. ನಿಮ್ಮವ್ವ ಬಸ್ಸಿಗೆ ಹಾಕಿ ಕಳಿಸೋಣ ಅನ್ನುತ್ತಾಳೆ, ನಾನು ನಿನ್ನನ್ನು ಕೇಳಿ ಕಳಿಸೋಣ ಅಂದಿದ್ದೇನೆ. ಬೇಕಾ? ಭಾನುವಾರ ನಾನೇ ತರಲಾ? ಬೇಡ ಅಂದರೆ ಬೇಡ ಅಂತಲಾದರೂ ಒಂದು ಮೆಸೇಜ್ ಹಾಕು.

ನಿಮ್ಮಪ್ಪ