ಅಳಿಸಿದವರ ಸಹಿ ಎಲ್ಲಿ? ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ದಾವಣಗೆರೆ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ.

ನಾನು ಈ ಊರಲ್ಲಿ ನಲವತ್ತು ವರ್ಷದಿಂದ ಗೋಡೆ ಮೇಲೆ ಬರೆದುಕೊಂಡು ಬಂದವನು. ಅಂಗಡಿ ಬೋರ್ಡು, ಲಾರಿ ಹಿಂದಿನ ಸಾಲು, ಸಿನಿಮಾ ಬ್ಯಾನರ್, ನಾಟಕ ಕಂಪನಿಗಳ ಪರದೆ, ಎಲ್ಲ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು. ಈಗ ಮನೆಯಲ್ಲೇ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಯಾರಾದರೂ ಕರೆದರೆ ಬ್ರಶ್ ಹಿಡಿದುಕೊಂಡು ಹೋಗುತ್ತೇನೆ.

ತಮಗೆ ಪತ್ರ ಬರೆಯಲು ಕಾರಣ ಒಂದು ಕುರ್ಚಿ. ತಮ್ಮ ಕುರ್ಚಿ ಅಲ್ಲ, ಗಾಬರಿ ಬೇಡ. ಗೋಡೆ ಮೇಲೆ ಬರೆದಿದ್ದ ಕುರ್ಚಿ.

ನಮ್ಮ ಬಡಾವಣೆಯ ನೀರಿನ ಟ್ಯಾಂಕಿನ ಪಕ್ಕ ಒಂದು ಕಾಂಪೌಂಡ್ ಗೋಡೆ ಇದೆ. 42 ಅಡಿ ಉದ್ದ. ಹಿಂದೆ ಅಲ್ಲಿ ಗಂಡಸರು ನಿಂತುಕೊಳ್ಳುತ್ತಿದ್ದರು, ಯಾಕೆ ಅಂತ ಬರೆಯಬೇಕಾಗಿಲ್ಲ. ಚಿತ್ರ ಬರೆದರೆ ನಿಲ್ಲುವುದಿಲ್ಲ ಅಂತ ಯಾರಿಗೋ ಹೊಳೆಯಿತು. ಅರ್ಜಿ ಕೊಟ್ಟೆವು, ಸ್ಕೆಚ್ ಕೊಟ್ಟೆವು, ಮೂರು ತಿಂಗಳು ಅಲೆದೆವು, ಸೀಲು ಹಾಕಿದ ಅನುಮತಿ ಪತ್ರ ಬಂತು. ನಮ್ಮೂರಲ್ಲಿ 1964ರಿಂದ ಚಿತ್ರಕಲಾ ಕಾಲೇಜಿದೆ, ತಮಗೆ ಗೊತ್ತೇ ಇದೆ. ಅಲ್ಲಿ ಓದುವ ಮೂವರು ನನ್ನ ಜೊತೆ ಬಂದರು. ಬಿಸಿಲಿಗೆ ಹೆದರಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ನಿಲ್ಲಿಸುತ್ತಿದ್ದೆವು. ಒಂಬತ್ತು ದಿನ ಹಿಡಿಯಿತು.

ಚಿತ್ರ ಹೀಗಿತ್ತು. ಎಡತುದಿಯಿಂದ ಹೆಂಗಸರ ಸಾಲು ಶುರು. ಎಲ್ಲರೂ ನಮಗೆ ಬೆನ್ನು ಹಾಕಿ ನಿಂತಿದ್ದಾರೆ, ಯಾರ ಮುಖವೂ ಕಾಣುವುದಿಲ್ಲ. ಕಾಣುವುದು ಕೊಡಗಳು. ಪ್ಲಾಸ್ಟಿಕ್ ಅಂಗಡಿ ಮುಂದೆ ಹಗ್ಗಕ್ಕೆ ಪೋಣಿಸಿ ನೇತು ಹಾಕಿರುತ್ತಾರಲ್ಲ, ಅದೇ ಹಸಿರು, ನೀಲಿ, ಕೆಂಪು ಕೊಡ. ಸಾಲು ಬಲಕ್ಕೆ ಹೋಗುತ್ತಾ ಹೋಗುತ್ತಾ ಒಂದು ನಲ್ಲಿ ಹತ್ತಿರ ಮುಗಿಯುತ್ತದೆ. ಆ ನಲ್ಲಿ ಇರುವುದು ಒಂದು ದೊಡ್ಡ ಕುರ್ಚಿಯ ಕೆಳಗೆ. ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವಲ್. ಅದರ ಮೇಲೆ ಶಾಲು, ಹಾರ, ಮೈಸೂರು ಪೇಟ. ಕುರ್ಚಿಯಲ್ಲಿ ಯಾರೂ ಕೂತಿಲ್ಲ.

ಇಷ್ಟೇ.

ಬರೆಯುವಾಗ ಓಣಿಯ ಹೆಂಗಸರು ಬಂದು ನೋಡುತ್ತಿದ್ದರು. ಒಬ್ಬ ಅಜ್ಜಿ ದಿನಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ನಾಲ್ಕನೇ ದಿನ ಕೇಳಿದಳು: "ಯಜಮಾನ್ರೇ, ಇದ್ರಾಗ ನನ್ನ ಕೊಡ ಎಲ್ಲೈತಿ?" ನಾನು ಸುಮ್ನೆ ಒಂದು ಕೆಂಪು ಕೊಡ ತೋರಿಸಿದೆ. ಅಜ್ಜಿ ಒಪ್ಪಲಿಲ್ಲ. "ನಂದು ತಳ ಸೀಳೈತಿ. ಎಂ-ಸೀಲ್ ಹಾಕೀನಿ. ಅದನ್ನೂ ಬರೀರಿ." ಜೊತೆಗಿದ್ದ ಹುಡುಗಿ ಕಪ್ಪು ಬಿಳಿ ಕಲಸಿ, ಕೊಡದ ತಳದಲ್ಲಿ ಬೂದು ಬಣ್ಣದ ತೇಪೆ ಬರೆದಳು. ಎಂ-ಸೀಲ್ ಒತ್ತುವಾಗ ಬೀಳುತ್ತದಲ್ಲ ಹೆಬ್ಬೆರಳ ಗುರುತು, ಅದನ್ನೂ ಬಿಡಲಿಲ್ಲ. ಅಜ್ಜಿ ಹತ್ತಿರ ಹೋಗಿ ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ನೋಡಿದಳು. ನಲವತ್ತು ವರ್ಷದಲ್ಲಿ ನನಗೆ ಬಹುಮಾನ ಅಂತ ಬಂದದ್ದು ಕಡಿಮೆ. ಅವತ್ತು ಬಂತು.

ಚಿತ್ರ ಮುಗಿದ ಹನ್ನೊಂದನೇ ದಿನ ಅದಕ್ಕೆ ಸುಣ್ಣ ಬಿತ್ತು.

ಯಾರೋ ಫೋನ್ ಮಾಡಿ ಹೇಳಿದರು, ಓಡಿ ಹೋದೆ. ಇಬ್ಬರು ಹುಡುಗರು ಬಕೆಟ್ ಇಟ್ಟುಕೊಂಡು ಕುರ್ಚಿ ಕಡೆಯಿಂದ ಶುರು ಮಾಡಿದ್ದರು. "ಯಾರಪ್ಪಾ ಹೇಳಿದ್ದು?" ಅಂದೆ. "ಗೊತ್ತಿಲ್ಲ ಸಾ, ಮೇಲಿಂದ ಫೋನ್ ಬಂತಂತೆ." ಅವರ ಮೇಸ್ತ್ರಿಯನ್ನು ಕೇಳಿದೆ. ಅವರಿಗೂ ಮೇಲಿಂದಲೇ ಬಂದಿತ್ತು. ಅನುಮತಿಗೆ ಸೀಲು ಹಾಕಿದ್ದ ಕಚೇರಿಗೆ ಹೋದೆ. ಹೆಸರು ಬೇಡ, ಅಲ್ಲಿನ ಗುಮಾಸ್ತರು ಒಳ್ಳೆಯವರು, ಟೀ ಕೊಟ್ಟರು. ಅವರೂ ಸೂರಿನ ಕಡೆ ಕಣ್ಣು ಮಾಡಿದರು. ಮೇಲೆ ಅಂದರೆ ಎಷ್ಟು ಮೇಲೆ? ವಾಪಸ್ ಬರುವಾಗ ನೀರಿನ ಟ್ಯಾಂಕಿನ ತುದಿಯನ್ನೂ ಒಮ್ಮೆ ನೋಡಿದೆ. ಅಲ್ಲೂ ಯಾರೂ ಇರಲಿಲ್ಲ.

ಆಮೇಲೆ ಬಾಯಿಂದ ಬಾಯಿಗೆ ತಿಳಿದ ಸಂಗತಿ ಏನೆಂದರೆ, ಕುರ್ಚಿ ನೋಡಿ ಯಾರಿಗೋ "ಇದು ನಾನೇ" ಅನಿಸಿದೆ. ಖಾಲಿ ಕುರ್ಚಿಯಲ್ಲಿ ತಮ್ಮನ್ನು ತಾವೇ ಕೂರಿಸಿಕೊಂಡರೆ ನಾವೇನು ಮಾಡೋಣ, ಹೇಳಿ.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಕೊಟ್ಟ ಸ್ಕೆಚ್‌ನಲ್ಲಿ ಕುರ್ಚಿ ಇತ್ತು, ಪೇಟ ಇರಲಿಲ್ಲ. ಅದು ಏಣಿ ಹತ್ತಿದ ಮೇಲೆ ಹೊಳೆದದ್ದು. "ಅನುಮತಿ ಇಲ್ಲದೆ ಪೇಟ ಸೇರಿಸಿದ್ದೀರಿ, ಅಳಿಸಿ" ಅಂತ ಒಂದು ನೋಟಿಸು ಬಂದಿದ್ದರೆ ನಾನೇ ಹೋಗಿ ಅಳಿಸುತ್ತಿದ್ದೆನೋ ಏನೋ. ಜಗಳವನ್ನಂತೂ ಆಡುತ್ತಿದ್ದೆ. ಆದರೆ ಜಗಳ ಆಡಲು ಎದುರಿಗೆ ಒಬ್ಬರು ಬೇಕಲ್ವಾ?

ಇನ್ನೊಂದು ಮಾತು. ಗೋಡೆ ಅಳಿಸುವ ಕೆಲಸ ನನಗೂ ಹೊಸದಲ್ಲ. ಫ್ಲೆಕ್ಸ್ ಇಲ್ಲದ ಕಾಲದಲ್ಲಿ ಚುನಾವಣೆ ಬಂದರೆ ನಮಗೆ ಸುಗ್ಗಿ. ಒಂದು ಪಕ್ಷದ ಬರಹಕ್ಕೆ ರಾತ್ರಿ ಸುಣ್ಣ ಹೊಡೆದು ಬೆಳಗಾಗುವುದರೊಳಗೆ ಇನ್ನೊಂದು ಪಕ್ಷದ ಗುರುತು ಬರೆದದ್ದಿದೆ. ಎರಡೂ ಕಡೆ ದುಡ್ಡು ತಗೊಂಡದ್ದೂ ಇದೆ. ಹಾಗಾಗಿ ನಾನು ದೊಡ್ಡ ಸತ್ಯವಂತ ಅಂತ ಹೇಳಿಕೊಳ್ಳುವುದಿಲ್ಲ. ಆದರೆ ಆ ಕಾಲದಲ್ಲೂ ಯಾರು ಅಳಿಸಿದರು ಅಂತ ಊರಿಗೆಲ್ಲ ಗೊತ್ತಿರುತ್ತಿತ್ತು. ಅಳಿಸಿದ ಜಾಗದಲ್ಲಿ ಅವರ ಗುರುತೇ ಇರುತ್ತಿತ್ತಲ್ಲ! ಈಗ ನಮ್ಮ ಚಿತ್ರದ ಬಲಮೂಲೆಯಲ್ಲಿ ನಾಲ್ಕು ಜನರ ಸಹಿ ಇತ್ತು, ಅದರ ಮೇಲೆ ಬಿದ್ದ ಸುಣ್ಣಕ್ಕೆ ಯಾರ ಸಹಿಯೂ ಇಲ್ಲ. ನನ್ನ ತಕರಾರು ಇದೊಂದೇ.

ಕಾನೂನು ನನಗೆ ಅಷ್ಟಾಗಿ ಗೊತ್ತಿಲ್ಲ. ನನ್ನ ಹತ್ತಿರ ಡ್ರಾಯಿಂಗ್ ಕಲಿಯುವ ಹುಡುಗನ ತಂದೆ ವಕೀಲರು. ಫೀಸಿನ ಬದಲು ಅವರಿಂದ ಒಂದಿಷ್ಟು ಕೇಳಿ ತಿಳಿದುಕೊಂಡೆ. ಸಂವಿಧಾನದ 19ನೇ ವಿಧಿ ಮಾತಿಗೂ ಅಭಿವ್ಯಕ್ತಿಗೂ ಸ್ವಾತಂತ್ರ್ಯ ಕೊಡುತ್ತದೆ, ಅದಕ್ಕೆ ಮಿತಿಯನ್ನೂ ಹಾಕುತ್ತದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನನಷ್ಟ, ಅಪರಾಧಕ್ಕೆ ಕುಮ್ಮಕ್ಕು, ಹೀಗೆ ಒಂದು ಪಟ್ಟಿ ಇದೆ. ಪಟ್ಟಿಯನ್ನು ಎರಡು ಸಲ ಓದಿಸಿಕೊಂಡೆ. "ಯಾರಿಗೋ ಬೇಜಾರಾಯಿತು" ಅನ್ನುವುದು ಅದರಲ್ಲಿ ಇಲ್ಲ.

ಗೋಡೆ ಕೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರದ್ದೇ ಕಾಯ್ದೆ ಇದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಜಾಹೀರಾತು ಹಾಕುವಂತಿಲ್ಲ. ಒಳ್ಳೆಯ ಕಾಯ್ದೆ. ಅದೇ ಗೋಡೆಯ ಕೊನೆಯ ಮೂರು ಅಡಿಯಲ್ಲಿ ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಚಿಕಿತ್ಸೆ ಅನ್ನುವ ಬರಹ, ಫೋನ್ ನಂಬರ್ ಸಮೇತ ಇದೆ. ಸುಣ್ಣದ ಹುಡುಗರು ಅದನ್ನು ನಾಜೂಕಾಗಿ ಬಿಟ್ಟು ಹೋಗಿದ್ದಾರೆ. ಗೆರೆ ಎಳೆದ ಹಾಗೆ ಬಿಟ್ಟಿದ್ದಾರೆ. ಕೈಕೆಲಸ ಮೆಚ್ಚಬೇಕು.

ವಕೀಲರು ಹೇಳಿದ ಒಂದು ಪ್ರಕರಣವನ್ನು ತಮಗೂ ಹೇಳಬೇಕು. ಅಮರನಾಥ ಸೆಹಗಲ್ ಅಂತ ಒಬ್ಬ ಶಿಲ್ಪಿ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಸರ್ಕಾರವೇ ಕೇಳಿ ಅವರಿಂದ ದೊಡ್ಡ ಕಂಚಿನ ಭಿತ್ತಿಶಿಲ್ಪ ಮಾಡಿಸಿತ್ತು. 1979ರಲ್ಲಿ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಮಾಡಿದವರಿಗೆ ಒಂದು ಮಾತು ಹೇಳಲಿಲ್ಲ. ಅಲ್ಲಿ ರಾಜಕೀಯ ಇರಲಿಲ್ಲ, ಕಟ್ಟಡದ ರಿಪೇರಿ ಅಷ್ಟೇ. ಆದರೂ ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್, ಶಿಲ್ಪವನ್ನು ಅವರಿಗೇ ವಾಪಸ್ ಕೊಡಿ, ಜೊತೆಗೆ 5 ಲಕ್ಷ ಪರಿಹಾರ ಕೊಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು. 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಕೃತಿ ಮಾರಿದ ಮೇಲೂ ಕಲಾವಿದನಿಗೆ ಅದರ ಮೇಲೆ ಒಂದು ಹಕ್ಕು ಉಳಿಯುತ್ತದಂತೆ. ನಲವತ್ತು ವರ್ಷ ಬಣ್ಣ ಬಳಿದವನಿಗೆ ಇದು ಗೊತ್ತೇ ಇರಲಿಲ್ಲ ನೋಡಿ. ನನ್ನ ಎಷ್ಟು ಗೋಡೆಗಳು ಹೋಗಿವೆಯೋ.

"ಮೇಲಿಂದ ಫೋನ್" ಕತೆಗೂ ಒಂದು ತೀರ್ಪಿದೆ. 2019ರಲ್ಲಿ ಒಂದು ಬಂಗಾಳಿ ಸಿನಿಮಾ ಬಿಡುಗಡೆಯಾದ ಕೂಡಲೇ ಕೋಲ್ಕತ್ತದ ಚಿತ್ರಮಂದಿರಗಳಿಂದ ಮಾಯವಾಯಿತು. ಸೆನ್ಸಾರ್ ಸರ್ಟಿಫಿಕೇಟ್ ಇತ್ತು, ನಿಷೇಧದ ಆದೇಶ ಇರಲಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ನಿರ್ಮಾಪಕರಿಗೆ 20 ಲಕ್ಷ ಪರಿಹಾರ ಕೊಡುವಂತೆ ಪಶ್ಚಿಮ ಬಂಗಾಳ ಸರ್ಕಾರಕ್ಕೆ ಹೇಳಿತು. ನಮಗೆ ಲಕ್ಷ ಬೇಡ ಸಚಿವರೇ. ಬಣ್ಣದ ಅಂಗಡಿಯಲ್ಲಿ ಇನ್ನೂ ನಾಲ್ಕು ಸಾವಿರ ಬಾಕಿ ಇದೆ, ಅದು ಬೇರೆ ವಿಷಯ.

ಚಿತ್ರಕ್ಕೆ ಸಿಟ್ಟಾಗದೆಯೂ ಇರಬಹುದು. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ರಸ್ತೆ ಗುಂಡಿಯೊಳಗೆ ಕಲಾವಿದ ಬಾದಲ್ ನಂಜುಂಡಸ್ವಾಮಿ ಒಂದು ಮೊಸಳೆ ಮಾಡಿ ಬಿಟ್ಟರು. ಜನ ನಕ್ಕರು, ಫೋಟೋ ಎಲ್ಲ ಕಡೆ ಓಡಾಡಿತು, ಗುಂಡಿ ಮುಚ್ಚಿತು. ಗುಂಡಿ ಮುಚ್ಚುವುದಕ್ಕೂ ಚಿತ್ರ ಮುಚ್ಚುವುದಕ್ಕೂ ಖರ್ಚಾಗುವುದು ಸರ್ಕಾರದ್ದೇ ದುಡ್ಡು.

ಅಷ್ಟು ದೂರ ಯಾಕೆ, ನಮ್ಮೂರು ನಾಟಕದ ಊರು. ಎರಡು ವರ್ಷಕ್ಕೊಮ್ಮೆ ದುರ್ಗಮ್ಮನ ಜಾತ್ರೆಗೆ ಕಂಪನಿ ಟೆಂಟು ಬಿದ್ದರೆ ನಾನು ಪರದೆ ಹಿಂದೆ ಬ್ರಶ್ ತೊಳೆಯುತ್ತಾ ಕೂತಿರುತ್ತಿದ್ದೆ. ಹಾಸ್ಯ ಪಾತ್ರದವನು ಬರೆದ ಮಾತು ಬಿಟ್ಟು, ಮೊದಲ ಸಾಲಲ್ಲಿ ಕೂತ ಯಜಮಾನರನ್ನೇ ನೋಡಿ ನಲ್ಲಿ, ರಸ್ತೆ, ಕರೆಂಟು ಅಂತ ಶುರು ಮಾಡುತ್ತಿದ್ದ. ಟೆಂಟು ಹಾರಿಹೋಗುವ ಹಾಗೆ ನಗು. ಆ ಯಜಮಾನರು ಎದ್ದು ಹೋಗುತ್ತಿರಲಿಲ್ಲ. ಹೋದರೆ ಅವರದೇ ಮರ್ಯಾದೆ ಹೋಗುತ್ತಿತ್ತು. ಕೆಲವರು ಮರುದಿನ ಅವನನ್ನು ಕರೆಸಿ ಬೆಣ್ಣೆ ದೋಸೆ ತಿನ್ನಿಸಿದ್ದೂ ಇದೆ. ಇಲ್ಲಿ ಕುರ್ಚಿ ಮಾತೂ ಆಡಿಲ್ಲ.

ಯಾವ ಚಿತ್ರವನ್ನೂ ಅಳಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಒಂದು ಜಾತಿಯನ್ನೋ ಧರ್ಮವನ್ನೋ ಹೀಯಾಳಿಸಿ, ಬೆಂಕಿ ಹಚ್ಚಲೆಂದೇ ಬರೆದ ಚಿತ್ರ ಇದ್ದರೆ ಅಳಿಸಿ. ಆದರೆ ಅಳಿಸುವವರು ಒಂದು ಹಾಳೆ ಮೇಲೆ ಬರೆದುಕೊಡಲಿ: ಯಾವ ಕಾರಣಕ್ಕೆ, ಯಾವ ಕಾಯ್ದೆಯಲ್ಲಿ, ಯಾರ ಆದೇಶ. ಬರೆದವರನ್ನು ಕರೆದು ಒಂದು ಮಾತು ಕೇಳಲಿ. ಬರೆಯಲು ನಮ್ಮಿಂದ ಮೂರು ತಿಂಗಳ ಕಾಗದ ಕೇಳಿದಿರಿ. ಅಳಿಸಲು ಮೂರು ದಿನದ ಒಂದು ಕಾಗದ ಜಾಸ್ತಿ ಆಯಿತೇ? ತಾವು ಜಿಲ್ಲೆಯ ಸಭೆ ನಡೆಸುತ್ತೀರಿ. ಅಲ್ಲಿ ಒಂದು ಮಾತು ಹೇಳಿದರೆ ಸಾಕು.

ದಯವಿಟ್ಟು ಸಮಿತಿ ಮಾತ್ರ ಮಾಡಬೇಡಿ. ಸಮಿತಿ ಬಂದರೆ ಮುಂದಿನ ಸಲ ಕುರ್ಚಿ ಸ್ಕೆಚ್‌ನಲ್ಲೇ ಹೋಗುತ್ತದೆ, ಸುಣ್ಣದ ಖರ್ಚೂ ಉಳಿಯುತ್ತದೆ.

ನಿಜ ಹೇಳಬೇಕೆಂದರೆ ಸಮಿತಿ ಇಲ್ಲದೆಯೇ ಅದು ಶುರುವಾಗಿದೆ. ಎಂ-ಸೀಲ್ ತೇಪೆ ಬರೆದ ಹುಡುಗಿಗೆ ಇನ್ನೊಂದು ಗೋಡೆ ಸಿಕ್ಕಿದೆ. "ಏನು ಬರೀತೀಯಮ್ಮ?" ಅಂತ ಕೇಳಿದೆ. "ನವಿಲು ಸಾರ್" ಅಂದಳು. ನವಿಲು ಚೆಂದವೇ. ನಾನೂ ನೂರಾರು ಬರೆದಿದ್ದೇನೆ, ಸೀರೆ ಅಂಗಡಿಗೆ, ಕಲ್ಯಾಣ ಮಂಟಪಕ್ಕೆ. ಆದರೆ ಅವಳು ನನ್ನ ಮುಖ ನೋಡದೆ ಹೇಳಿದಳು. ಮನೆಗೆ ಬಂದು ಊಟ ಸೇರಲಿಲ್ಲ.

ಕೊನೆಗೆ ಒಂದು ಕೆಲಸದ ಮಾತು. ಎಮಲ್ಷನ್ ಮೇಲೆ ಬರೀ ಸುಣ್ಣ ನಿಲ್ಲುವುದಿಲ್ಲ. ಗೋಂದು ಹಾಕಬೇಕಿತ್ತು, ಹಾಕಿಲ್ಲ. ಕಳೆದ ವಾರದ ಮಳೆಗೆ ಎಡಗಡೆಯಿಂದ ಪದರ ಏಳುತ್ತಾ ಬಂದಿದೆ. ಐದು ಕೊಡ ಆಚೆ ಬಂದಿವೆ, ಅಜ್ಜಿಯದೂ ಸೇರಿ. ಕುರ್ಚಿ ಇನ್ನೂ ಒಳಗೇ ಇದೆ. ಇನ್ನೆರಡು ಮಳೆ ಬಿದ್ದರೆ ಅದೂ ಬರಬಹುದು, ಆಗ ಮತ್ತೆ ಮೇಲಿಂದ ಫೋನ್ ಬರುತ್ತದೆ. ಎರಡನೇ ಕೋಟ್ ಹೊಡೆಯಲು ಬರುವ ಹುಡುಗರ ಕೈಗೆ ಈ ಸಲ ಸಹಿ ಇರುವ ಒಂದು ಆದೇಶ ಕೊಟ್ಟು ಕಳಿಸಿ. ಗೋಂದು ಬೇಕಿದ್ದರೆ ನಾನೇ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗೋಡೆ ಬರೆಯುವ ಒಬ್ಬ ಪೇಂಟರ್
ದಾವಣಗೆರೆ