ಸುರಂಗಕ್ಕೆ ಎರಡನೇ ದಾರಿ ಎಲ್ಲಿ?

ಮಾನ್ಯರೇ,

ಹಟ್ಟಿ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದು ನಿವೃತ್ತನಾದವನು ನಾನು. ಉತ್ತರಾಖಂಡದಲ್ಲಿ ರಸ್ತೆಗಾಗಿ ಅಗೆಯುತ್ತಿದ್ದ ಸಿಲ್ಕ್ಯಾರಾ ಸುರಂಗದಿಂದ 41 ಕಾರ್ಮಿಕರನ್ನು ಉಳಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ಹೊಗಳಲೇಬೇಕು. ಆದರೆ ಅವರು ಸಿಕ್ಕಿಬಿದ್ದದ್ದು ಯಾಕೆ ಎಂದು ಕೇಳುವವರು ಕಡಿಮೆ.

2023ರ ನವೆಂಬರ್ 12, ದೀಪಾವಳಿಯ ದಿನ ಬೆಳಗಿನ ಜಾವ ಛಾವಣಿ ಕುಸಿದು, ಸುಮಾರು 60 ಮೀಟರ್ ಉದ್ದಕ್ಕೆ ಕಲ್ಲುಮಣ್ಣು ತುಂಬಿಕೊಂಡಿತು. ಮೊದಲು ಸಣ್ಣ ಪೈಪಿನಲ್ಲಿ ಮಂಡಕ್ಕಿ ಕಳಿಸಿದರು. ಆರಿಂಚಿನ ಪೈಪು ಒಳಹೋದ ಮೇಲೆಯೇ ಬಾಟಲಿಗಳಲ್ಲಿ ಬಿಸಿ ಕಿಚಡಿ ಹೋಗಿದ್ದು. ಜನರನ್ನು ಹೊರತರುವ ದಪ್ಪ ಪೈಪು ತೂರಿಸಲು ಕಲ್ಲುಮಣ್ಣು ಕೊರೆಯುತ್ತಿದ್ದ ದೊಡ್ಡ ಆಗರ್ ಯಂತ್ರ ಕಬ್ಬಿಣಕ್ಕೆ ಸಿಕ್ಕಿ ಮುರಿಯಿತು. ಕೊನೆಯ ಹನ್ನೆರಡು ಮೀಟರ್ ಅಗೆದವರು ರ‍್ಯಾಟ್ ಹೋಲ್ ಕಾರ್ಮಿಕರು, ಅಂದರೆ ಇಲಿಬಿಲದಂಥ ಇಕ್ಕಟ್ಟಿನಲ್ಲಿ ಕೈಯಿಂದಲೇ ಅಗೆಯುವವರು. 800 ಮಿಲಿಮೀಟರ್ ಪೈಪಿನೊಳಗೆ ಎದ್ದು ಕೂರಲೂ ಆಗುವುದಿಲ್ಲ. ಅಲ್ಲಿ ಒಬ್ಬ ಅಗೆಯಬೇಕು, ಇನ್ನೊಬ್ಬ ಮಣ್ಣು ಬಾಚಬೇಕು, ಹೊರಗಿದ್ದವರು ಟ್ರಾಲಿ ಎಳೆಯಬೇಕು. ಆ ಇಕ್ಕಟ್ಟಿನ ಕೆಲಸ ಮಾಡಿದವರಿಗೆ ನನ್ನ ಕೈಮುಗಿತ. 17ನೇ ದಿನ ಎಲ್ಲರೂ ಜೀವಂತ ಹೊರಬಂದರು.

2025ರ ಫೆಬ್ರುವರಿಯಲ್ಲಿ ಪಕ್ಕದ ತೆಲಂಗಾಣದ ಎಸ್‌ಎಲ್‌ಬಿಸಿ (ಶ್ರೀಶೈಲಂ ಎಡದಂಡೆ ಕಾಲುವೆ) ಸುರಂಗ ಕುಸಿದಾಗಲೂ ರ‍್ಯಾಟ್ ಹೋಲ್ ಕಾರ್ಮಿಕರನ್ನು ಕರೆಸಿದರು. ಬಾಯಿಯಿಂದ ಸುಮಾರು 14 ಕಿಲೋಮೀಟರ್ ಒಳಗೆ, ನೀರು, ಕೆಸರು. ಎಂಟು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಗಣಿಯೊಳಗೆ ಹೋದ ಕೂಡಲೇ ನಾವು ಕಬ್ಬಿಣದ ಸಲಾಕೆಯಿಂದ ತಲೆ ಮೇಲಿನ ಬಂಡೆ ಬಡಿಯುತ್ತಿದ್ದೆವು. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಬಂಡೆ ಬಿಟ್ಟುಕೊಂಡಿದೆ ಅಂತ ಅರ್ಥ, ಅದನ್ನು ಕೆಡವದೆ ಯಾರೂ ಮುಂದೆ ಹೋಗುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದರೂ ಬಂಡೆಯನ್ನು ಪೂರ್ತಿ ನಂಬೋಕಾಗಲ್ಲ. ಅದಕ್ಕೇ ಗಣಿಯಿಂದ ಮೇಲೆ ಬರಲು ಕನಿಷ್ಠ ಎರಡು ದಾರಿ ಇರಬೇಕೆಂಬ ನಿಯಮವಿದೆ. ಸಿಲ್ಕ್ಯಾರಾಕ್ಕೆ 2018ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ತಪ್ಪಿಸಿಕೊಳ್ಳುವ ದಾರಿಯೂ ಅದರಲ್ಲಿತ್ತು. ಕುಸಿದ ದಿನ ಆ ದಾರಿ ಇರಲಿಲ್ಲ.

ಈಗ ಬೆಂಗಳೂರಿನ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಮಾತು. ಟೋಲ್, ಟ್ರಾಫಿಕ್, ಲಾಲ್‌ಬಾಗ್ ಬಗ್ಗೆಯೇ ಚರ್ಚೆ ಜಾಸ್ತಿ. ಅಗೆಯುವವರ ಸುದ್ದಿಯೇ ಇಲ್ಲ. ಅವರೂ ಯಾರದೋ ಮನೆಯ ಮಕ್ಕಳೇ ಅಲ್ವಾ? ಯಾವ ಸುರಂಗವೇ ಆಗಲಿ, ಬಂಡೆ ಸಡಿಲವಿರುವ ಕಡೆ ಮನುಷ್ಯ ತೆವಳಿ ಬರುವಷ್ಟು ದಪ್ಪದ ಉಕ್ಕಿನ ಪೈಪನ್ನು ಅಗೆತದ ಜೊತೆಜೊತೆಗೇ ಹಾಕಿಕೊಂಡು ಹೋಗಬೇಕು. ಅದು ಟೆಂಡರಿನಲ್ಲೇ ಇರಬೇಕು. ಪೈಪು ಹಾಕದಿದ್ದರೆ ಮುಂದಿನ ಬಿಲ್ ಪಾಸ್ ಮಾಡಬಾರದು.

— ಒಬ್ಬ ನಿವೃತ್ತ ಗಣಿ ಕಾರ್ಮಿಕ, ಹಟ್ಟಿ, ರಾಯಚೂರು ಜಿಲ್ಲೆ